ನೀನು ಹೊತ್ತು ತಂದ ಮಂಜುಗಡ್ಡೆ

ಪಾಲ್ಮಾರ್ ವಿಯೆಹೊ
ನವೆಂಬರ್, ಮಂಗಳವಾರ ಮಧ್ಯಾಹ್ನ

ಎವೆಲಿಯೋ ಅಣ್ಣಾ,

ಎರಡು ಬೀದಿ ಆಚೆ ಇರುವ ಅಣ್ಣನಿಗೆ ತಂಗಿ ಕಾಗದ ಬರೆಯುತ್ತಿದ್ದಾಳೆಂದರೆ ಊರಿನವರು ನಗುತ್ತಾರೆ. ನಗಲಿ. ಕಳೆದ ಎರಡು ವಾರದಲ್ಲಿ ಮೂರು ಸಲ ನಿನ್ನ ಜಗಲಿಗೆ ಬಂದೆ. ಮೂರು ಸಲವೂ ಒನೆಲಿಯಾ ಅತ್ತಿಗೆ ಕೊಟ್ಟ ಕಾಫಿ ಕುಡಿದೆ, ಹಂದಿಮರಿಗಳ ವಿಷಯ ಕೇಳಿದೆ, ಕರೆಂಟಿಗೆ ನಾಲ್ಕು ಬೈದೆ, ಎದ್ದು ಬಂದೆ. ಹೇಳಬೇಕಾದದ್ದು ಗಂಟಲಿನ ತನಕ ಬಂದು ಕಾಫಿಯ ಜೊತೆ ಮತ್ತೆ ಒಳಗೆ ಇಳಿದುಹೋಯಿತು. ನನ್ನ ಬಾಯಿ ಎಂಥದ್ದೆಂದು ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನಮ್ಮ ಕ್ಲಿನಿಕ್ಕಿನ ಡಾಕ್ಟರುಗಳೂ ಹೆದರುವ ಬಾಯಿ ಅದು. ಈಗ ಅದಕ್ಕೆ ಬೀಗ ಬಿದ್ದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಕಣ್ಣಿಗೆ ಈಗ ಅಕ್ಷರ ಹತ್ತುವುದಿಲ್ಲ. ಇದನ್ನು ಅತ್ತಿಗೆಯೇ ಓದಿ ಹೇಳಬೇಕು. ಅತ್ತಿಗೆ, ನಿಮ್ಮಲ್ಲಿ ಒಂದೇ ಬೇಡಿಕೆ. ನಡುವೆ ಸಿಟ್ಟು ಬಂದರೆ ಕಾಗದವನ್ನು ಹರಿದು ಹಾಕಬೇಡಿ. ಒಂದು ಸಾಲನ್ನೂ ಬಿಡದೆ ಕೊನೆಯ ತನಕ ಓದಿ. ಆಮೇಲೆ ಬೇಕಾದರೆ ಬಂದು ನನ್ನ ಮನೆಯ ಬಾಗಿಲು ಮುರಿಯಿರಿ.

ಮೊದಲು ಗುರುವಾರದ ವಿಷಯ. ನಿನ್ನ ಬಲಗಾಲಿನ ಹಿಮ್ಮಡಿಯಲ್ಲಿ ಎದ್ದಿರುವ ಹುಣ್ಣಿಗೆ ಔಷಧಿ ಗುರುವಾರ ಬೆಳಗ್ಗೆ ಬರುತ್ತದೆ. ರಾಜಧಾನಿಯ ಡಾಕ್ಟರ್ ಯಾನೆಲಿಸ್ ತಾನಾಗಿಯೇ ನಿನ್ನ ಹೆಸರನ್ನು ಮತ್ತೆ ಪಟ್ಟಿಗೆ ಸೇರಿಸಿದ್ದಾಳೆ. ನೀನು ಬೇಡ ಅಂದೆ. ಕಳೆದ ಬುಧವಾರ ಜಗಲಿಯಲ್ಲಿ ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಚಿಕ್ಕಂದಿನ ಹಾಗೇ ನನ್ನನ್ನು ಕಡ್ಡಿ ಎಂದು ಕರೆದು ನೀನು ಹೇಳಿದ ಮಾತು ನನ್ನ ಕಿವಿಯಲ್ಲಿ ಕೂತಿದೆ. "ಒಂದು ಕಾಲಿಗೆ ಕೊಟ್ಟಿದ್ದನ್ನ ಸೀಬೆ ಮಿಠಾಯಿ ಜೊತೆ ನುಂಗಿಬಿಟ್ಟೆ, ಕಡ್ಡಿ. ಇನ್ನೊಂದು ಸಲ ಕೇಳೋಕೆ ನನಗೆ ಮುಖ ಇಲ್ಲ, ಡಾಕ್ಟರ್ ಹತ್ರಾನೂ ಇಲ್ಲ, ಆ ಮುದುಕನ ಹತ್ರಾನೂ ಇಲ್ಲ. ಮರ್ಯಾದೆ ಇರೋರು ಯಾರಿಗಾದ್ರೂ ಕೊಡು." ಆ ಮುದುಕ ಅಂದರೆ ಗೋಡೆಯ ಮೇಲಿನ ಸಂತ ಲಾಸಾರೋ. ನಾಯಿಗಳಿಂದ ಹುಣ್ಣು ನೆಕ್ಕಿಸಿಕೊಳ್ಳುತ್ತ ಊರುಗೋಲಿನ ಮೇಲೆ ನಿಂತಿರುವ ಅವನಿಗೆ, ಗಾಯ ವಾಸಿಯಾಗುವ ತನಕ ಸಿಹಿ ಮುಟ್ಟುವುದಿಲ್ಲವೆಂದು ನೀನು ಹರಕೆ ಹೊತ್ತಿದ್ದೆ. ಹರಕೆ ಮುರಿದೆ, ಅವನು ಎಡಗಾಲು ತೆಗೆದುಕೊಂಡ. ಇದು ನಿನ್ನ ಲೆಕ್ಕ. ಈ ಲೆಕ್ಕ ತಪ್ಪು ಎಂದು ಹೇಳುವುದಕ್ಕೇ ಈ ಕಾಗದ. ಗುರುವಾರ ನೀನು ಬಾಗಿಲು ಹಾಕಿಕೊಂಡರೆ ಹೊಸ ವರ್ಷದ ಹೊತ್ತಿಗೆ ಆ ಕಾಲೂ ಹೋಗುತ್ತದೆ. ಹದಿನೆಂಟು ವರ್ಷ ಹುಣ್ಣುಗಳನ್ನೇ ನೋಡುತ್ತ ಬಂದವಳು ಹೇಳುತ್ತಿದ್ದೇನೆ.

ಅಮ್ಮ ಹೋದ ವರ್ಷ ನನಗೆ ಎಂಟು, ನಿನಗೆ ಹತ್ತೊಂಬತ್ತು. ನೀನು ಊರವರ ಹಂದಿಗಳಿಗೆ ರಾಜತಾಳೆಯ ಗೊನೆ ಇಳಿಸಲು ಹೋಗುವಾಗ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದೆ, ಮನೆಯಲ್ಲಿ ಒಬ್ಬಳೇ ಬಿಟ್ಟರೆ ಒಲೆಗೆ ಬೀಳುತ್ತೇನೆಂಬ ಹೆದರಿಕೆಯಿಂದ. ಹಗ್ಗದ ಒಂದು ಕುಣಿಕೆ ತೊಡೆಗೆ, ಇನ್ನೊಂದು ಪಾದಕ್ಕೆ. ತೊಡೆಯ ಮೇಲೆ ಭಾರ ಬಿಟ್ಟು ಪಾದದ ಹಗ್ಗವನ್ನು ಮೇಲಕ್ಕೆ ಸರಿಸುವುದು, ಪಾದದ ಮೇಲೆ ನಿಂತು ತೊಡೆಯ ಹಗ್ಗವನ್ನು ಸರಿಸುವುದು. ಮರ ಬೋಳು, ಹಿಡಿಯಲು ಒಂದು ಗೆಣ್ಣೂ ಇರಲಿಲ್ಲ. ನಾನು ಕೆಳಗೆ ಕತ್ತು ಎತ್ತಿಕೊಂಡು ನಿಂತಿರುತ್ತಿದ್ದೆ. ನೀನು ತುದಿ ಮುಟ್ಟಿದ ಮೇಲೆ ಕೂಗುತ್ತಿದ್ದೆ: "ಕಡ್ಡೀ, ಹವಾನಾ ಕಾಣ್ತಾ ಇದೆ. ನಿನ್ನ ಗಂಡ ಆಗೋನು ಹೊರಟಿದಾನೆ. ಮೂತಿ ಪರವಾಗಿಲ್ಲ, ಕಾಲು ಮಾತ್ರ ಸೊಟ್ಟ." ಗಂಡ ಬಂದ, ಹೋದ, ಅವನ ಕಾಲು ನೆಟ್ಟಗೇ ಇತ್ತು. ಉಳಿದದ್ದು ನೀನು. ನರ್ಸಿಂಗ್ ಶಾಲೆಗೆ ಸೇರುವ ದಿನ ನನ್ನ ಮರದ ಪೆಟ್ಟಿಗೆಯನ್ನು ಬಸ್ಸಿನ ಮೇಲಕ್ಕೆ ಹತ್ತಿಸಿ ಅದೇ ಹಗ್ಗದಿಂದ ಬಿಗಿದು ಕಟ್ಟಿದವನು ನೀನು. ಆ ವಾರ ಹಗ್ಗವಿಲ್ಲದೆ ಕೆಲಸಕ್ಕೆ ಹೋಗಲಿಲ್ಲ. ಅದನ್ನು ನನಗೆ ಎಂದೂ ಹೇಳಲಿಲ್ಲ, ಅತ್ತಿಗೆ ಹೇಳಿದರು.

ನಿನ್ನ ಎಡಪಾದಕ್ಕೆ ಮರಬು ಪೊದೆಯ ಮುಳ್ಳು ಹೊಕ್ಕಿದ್ದು ಕಳೆದ ಫೆಬ್ರವರಿಯಲ್ಲಿ. ಬೂಟಿನ ಅಟ್ಟೆಯನ್ನು ತೂರಿ ಒಳಗೆ ಬಂದ ಮುಳ್ಳಿನ ಮೇಲೆ ಮೂರು ದಿನ ನಡೆದಾಡಿದೆ. ಸಕ್ಕರೆ ಕಾಯಿಲೆ ನಿನ್ನ ಅಂಗಾಲಿನ ಸ್ಪರ್ಶವನ್ನು ಯಾವಾಗಲೋ ತಿಂದು ಮುಗಿಸಿತ್ತು. ಸಾಕ್ಸು ಒದ್ದೆಯಾಗಿದೆ, ಎಲ್ಲಿ ನೀರು ತುಳಿದೆನೋ ಅಂತ ನೀನು ಅಂದುಕೊಂಡೆ. ನನಗೆ ತೋರಿಸುವ ಹೊತ್ತಿಗೆ ಒಳಗೆ ನನ್ನ ಹೆಬ್ಬೆರಳು ಹೋಗುವಷ್ಟು ಗುಳಿಯಾಗಿತ್ತು.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಇಷ್ಟನ್ನು ನನ್ನ ಪರವಾಗಿ ಹೇಳಿಕೊಳ್ಳಲು ಬಿಡು, ಮುಂದೆ ಹೇಳಿಕೊಳ್ಳುವುದಕ್ಕೆ ಏನೂ ಇಲ್ಲ. ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ನಮ್ಮ ಪ್ರಾಂತ್ಯದಿಂದ ಆರಿಸಿದ್ದು ಎಂಟೇ ಜನ. ನಿನ್ನ ಹೆಸರು ಸೇರಿಸಲು ನಾನು ಕಾಡಿದ್ದನ್ನು ಕಂಡು ಯಾನೆಲಿಸ್ ಕೊನೆಗೆ, ನಿಮ್ಮಿಂದ ಬಿಡುಗಡೆ ಸಿಕ್ಕರೆ ಸಾಕು, ಬರೆದುಕೊಳ್ಳುತ್ತೇನೆ ಅಂದಳು. ಅವಳು ನಿನಗೆ ವಿವರಿಸಿದ್ದು ನೆನಪಿದೆಯಾ? ಒಂದು ಕೈಯಲ್ಲಿ ಸ್ಪಂಜಿನಂಥ ಬಿಳಿ ಹಾಳೆ, ಹಸುವಿನ ಚರ್ಮದ ಸತ್ವದಿಂದ ಮಾಡಿದ್ದು. ಇನ್ನೊಂದು ಕೈಯಲ್ಲಿ ಕಿರುಬೆರಳಿನಷ್ಟು ಸೀಸೆ. "ಸೀಸೇಲಿರೋದು ಮೈ ಬೆಳೆಸೋ ಪ್ರೋಟೀನು. ಸುತ್ತ ಇರೋ ಜೀವಕಣಗಳನ್ನ ಕೂಗಿ ಕರೆಯುತ್ತೆ, ಬನ್ನಿ, ಇಲ್ಲಿ ಗುಂಡಿ ಇದೆ, ಕಟ್ಟಿ ಅಂತ. ಹಾಳೆ ಅವು ಬಂದು ನಿಲ್ಲೋ ಅಟ್ಟಣಿಗೆ. ಕೆಲಸ ಮುಗಿದ ಮೇಲೆ ಅದು ತಾನೇ ಕರಗಿ ಹೋಗುತ್ತೆ." ನೀನು ಗಂಭೀರವಾಗಿ ಕೇಳಿಸಿಕೊಂಡು, "ನಮ್ಮೂರಲ್ಲಿ ಬರೀ ಕರೆದ್ರೆ ಯಾರೂ ಕೆಲಸಕ್ಕೆ ಬರಲ್ಲ ಡಾಕ್ಟ್ರೇ, ಊಟ ಇದೆ ಅಂತ ಸೇರಿಸಿ ಹೇಳ್ಸಿ" ಅಂದೆ. ಆ ಹುಡುಗಿ ನಗುತ್ತ ಸೀಸೆ ಬೀಳಿಸಿಕೊಳ್ಳುವುದರಲ್ಲಿದ್ದಳು.

ಅದೇ ದಿನ ನರ್ಸುಗಳನ್ನೆಲ್ಲ ಕೂರಿಸಿಕೊಂಡು ಅವಳು ಇನ್ನೊಂದು ವಿಷಯ ಹೇಳಿದಳು. ಸೀಸೆ ಎರಡು ಡಿಗ್ರಿಯಿಂದ ಎಂಟರ ಒಳಗೆ ಇರಬೇಕು. ಬಿಸಿಯಾದರೆ ಪ್ರೋಟೀನು ಸಾಯುತ್ತದೆ, ಹೆಪ್ಪುಗಟ್ಟಿದರೂ ಸಾಯುತ್ತದೆ. ಮಂಜುಗಡ್ಡೆ ಇಡುವುದಾದರೆ ಅದು ಬೆವರುವ ತನಕ ಹೊರಗೆ ಬಿಟ್ಟು, ನಡುವೆ ರಟ್ಟು ಇಟ್ಟು, ಆಮೇಲೆ ಸೀಸೆ ಇಡಬೇಕು. ಒಂದು ವೇಳೆ ಹೆಪ್ಪುಗಟ್ಟಿದರೆ ಬಳಸಬೇಡಿ, ಫೋನ್ ಮಾಡಿ. ನಾನು ಎಲ್ಲವನ್ನೂ ಬರೆದುಕೊಂಡೆ. ಬಿಸಿ ಎಂಬುದರ ಕೆಳಗೆ ಎರಡು ಗೆರೆ ಎಳೆದೆ, ಹೆಪ್ಪು ಎಂಬುದರ ಕೆಳಗೆ ಎಳೆಯಲಿಲ್ಲ. ಆ ಪುಸ್ತಕ ಈಗಲೂ ನನ್ನ ಎದುರಿಗಿದೆ. ನಮ್ಮ ದೇಶದಲ್ಲಿ ತಂಪಿಗೆ ಹೆದರಿದವರು ಯಾರಿದ್ದಾರೆ ಹೇಳು? ನಾವು ಹೆದರುವುದೆಲ್ಲ ಹಾಲು ಒಡೆಯುವುದಕ್ಕೆ, ಮಾಂಸ ಹಳಸುವುದಕ್ಕೆ. ಕರೆಂಟು ಇರುವ ಎರಡು ಗಂಟೆಯಲ್ಲಿ ಬಾಟಲಿಗಳಿಗೆ ನೀರು ತುಂಬಿ ಕಲ್ಲಾಗುವಂತೆ ಮಾಡುತ್ತೇವೆ. ಕರೆಂಟು ಹೋದ ಕೂಡಲೇ ಆ ಕಲ್ಲುಗಳನ್ನು ಕೆಳಗಿಳಿಸಿ, ಕೆಡುವುದೆಲ್ಲವನ್ನೂ ಅವುಗಳ ಮಗ್ಗುಲಿಗೆ ಒತ್ತಿ ಮಲಗಿಸಿ, ಫ್ರಿಜ್ಜಿನ ಬಾಗಿಲಿಗೆ ಹಗ್ಗ ಬಿಗಿಯುತ್ತೇವೆ. ಇದನ್ನು ಯಾರೂ ಕಲಿಸಬೇಕಾಗಿಲ್ಲ, ಕೈ ತಾನೇ ಮಾಡುತ್ತದೆ.

ಕ್ಲಿನಿಕ್ಕಿನ ಫ್ರಿಜ್ಜು ಕೆಟ್ಟು ಕೂತಿತ್ತು. ನನ್ನ ಮನೆ ಹೆರಿಗೆ ಆಸ್ಪತ್ರೆಯ ಲೈನಿನಲ್ಲಿರುವುದರಿಂದ ಅಲ್ಲಿ ಕರೆಂಟು ಅಪರೂಪಕ್ಕೆ ಹೋಗುತ್ತದೆ. ಹಾಗಾಗಿ ನಿನ್ನ ಹತ್ತು ಸೀಸೆಗಳನ್ನೂ ನಾನು ಸಹಿ ಹಾಕಿ ಮನೆಗೆ ತಂದೆ. ಮೇ ತಿಂಗಳ ಎರಡನೆಯ ವಾರ ಇಡೀ ದ್ವೀಪಕ್ಕೇ ಕರೆಂಟು ಹೋದದ್ದು ನಿನಗೆ ನೆನಪಿದೆ. ನಮ್ಮ ಲೈನೂ ಹೋಯಿತು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಔಷಧಿಯ ಡಬ್ಬಿಯೊಳಗಿನ ಥರ್ಮಾಮೀಟರು ಒಂಬತ್ತು ತೋರಿಸಿತು. ಸ್ವಲ್ಪ ಹೊತ್ತಿಗೆ ಹತ್ತು. ನನ್ನ ಬಾಟಲಿಗಳೆಲ್ಲ ಕರಗಿ ನೀರಾಗಿದ್ದವು. ಅಡುಗೆಮನೆಯಲ್ಲಿ ಡಬ್ಬಿಯನ್ನು ಎದೆಗವುಚಿಕೊಂಡು ನಿಂತು, ಎಲ್ಲಿಗೆ ಓಡಲಿ ಎಂದು ಯೋಚಿಸುತ್ತಿದ್ದೆ.

ಆಗ ನೀನು ಬಂದೆ. ಹೆಗಲ ಮೇಲೆ ಗೋಣಿಚೀಲ, ಅದರೊಳಗೆ ನಿನ್ನ ಹಂದಿಮಾಂಸದ ಪೆಟ್ಟಿಗೆಯ ತಳದಲ್ಲಿ ಇನ್ನೂ ಕಲ್ಲಾಗಿಯೇ ಉಳಿದಿದ್ದ ಎರಡು ದೊಡ್ಡ ಬಾಟಲಿ. ಕಾಲು ನೆಲಕ್ಕೆ ಊರಬೇಡ ಎಂದು ನಾನು ಕಟ್ಟುಮಾಡಿದ್ದೆ. ನೀನು ಹಿಮ್ಮಡಿಯ ಮೇಲೆ ಕುಂಟಿಕೊಂಡು ಸುಡುಬಿಸಿಲಲ್ಲಿ ಎರಡು ಬೀದಿ ನಡೆದಿದ್ದೆ. ನಾನು ಬಾಯಿಗೆ ಬಂದಂತೆ ಬೈದೆ. ನೀನು ಬೆವರು ಒರೆಸಿಕೊಂಡು, "ಆಯ್ತಮ್ಮ, ಬೈಯೋದು ಆಮೇಲೆ ಬೈ. ಮೊದಲು ಇದನ್ನ ಒಳಗಿಡು, ಕರಗಿಬಿಡುತ್ತೆ" ಅಂದೆ. ನಾನು ಇಟ್ಟೆ. ಸೀಸೆಗಳ ಈ ಕಡೆ ಒಂದು, ಆ ಕಡೆ ಒಂದು, ನಡುವೆ ಗಾಳಿಯೂ ಆಡದಂತೆ ಒತ್ತಿ. ರಟ್ಟು ಇಡಲಿಲ್ಲ. ಬೆವರಲು ಬಿಡಲಿಲ್ಲ. ಡಬ್ಬಿಗೆ ಟೇಪು ಸುತ್ತಿ, ಟವೆಲ್ಲು ಸುತ್ತಿ, ಮೇಲೆ ಕಂಬಳಿ ಹೊದಿಸಿದೆ. ನಿನಗೆ ಕಾಫಿ ಕೊಟ್ಟೆ. ಆ ಮಧ್ಯಾಹ್ನ ನಾವಿಬ್ಬರೂ ಎಷ್ಟು ಖುಷಿಯಲ್ಲಿದ್ದೆವು.

ಮರುದಿನ ಬೆಳಗ್ಗೆ ಕರೆಂಟು ಬಂತು. ಡಬ್ಬಿ ಬಿಚ್ಚಿದೆ. ಮೂಲೆಯಲ್ಲಿದ್ದ ಥರ್ಮಾಮೀಟರು ಎರಡು ತೋರಿಸುತ್ತಿತ್ತು. ಸಂತೋಷದಿಂದ ಅದಕ್ಕೊಂದು ಮುತ್ತು ಕೊಟ್ಟೆ. ಆಮೇಲೆ ಒಂದು ಸೀಸೆ ಎತ್ತಿ ಓರೆ ಮಾಡಿದೆ. ಒಳಗಿನ ನೀರು ಓರೆಯಾಗಲಿಲ್ಲ.

ಹತ್ತನ್ನೂ ನೋಡಿದೆ. ಹತ್ತೂ ಹಾಗೇ ಇದ್ದವು.

ನನಗೆ ಗೊತ್ತಿರಲಿಲ್ಲ ಎಂದು ಇಲ್ಲಿ ಬರೆದುಬಿಡಬಹುದು, ನೀನು ನಂಬಿಯೂ ಬಿಡುತ್ತೀ. ನನಗೆ ಗೊತ್ತಿತ್ತು ಅಣ್ಣ. ಪುಸ್ತಕದಲ್ಲಿ ನನ್ನದೇ ಅಕ್ಷರದಲ್ಲಿ ಇತ್ತು. ನಾನು ಒಂದೊಂದೇ ಸೀಸೆಯನ್ನು ಮುಷ್ಟಿಯೊಳಗೆ ಹಿಡಿದು ಕರಗಿಸಿದೆ. ಕರಗಿದ ಮೇಲೆ ಮೊದಲಿನಷ್ಟೇ ತಿಳಿಯಾಗಿ ಕಂಡಿತು. ಬೆಳಕಿಗೆ ಹಿಡಿದರೆ ಒಂದೆರಡು ಸೀಸೆಯಲ್ಲಿ ಕೂದಲಿಗಿಂತ ಸಣ್ಣ ಎಳೆಗಳು ತೇಲುತ್ತಿದ್ದವು. ಅಲುಗಾಡಿಸಿದೆ, ಕಾಣದಾದವು. ಹೆಪ್ಪುಗಟ್ಟಿದ ಮಾಂಸ ಕರಗಿದ ಮೇಲೆ ಮಾಂಸವೇ ಅಲ್ಲವಾ, ಇದೂ ಹಾಗೇ ಇರಬಹುದು ಎಂದುಕೊಂಡೆ. ಅಂದುಕೊಳ್ಳುತ್ತಿರುವಾಗಲೇ ಅದು ಸುಳ್ಳೆಂದು ಗೊತ್ತಿತ್ತು.

ಫೋನ್ ಯಾಕೆ ಮಾಡಲಿಲ್ಲ ಅಂತ ಕೇಳುತ್ತೀ. ಹೊಸ ಸೀಸೆಗಳು ಬರಲು ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ನಿನ್ನ ಹೆಸರು ಪಟ್ಟಿಯಿಂದ ಹಾರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಕಾರಣ. ಉಳಿದರ್ಧ ಕ್ಲಿನಿಕ್ಕಿನ ಹಜಾರದ ಗೋಡೆಯ ಮೇಲಿದೆ. ವರ್ಷದ ಅತ್ಯುತ್ತಮ ಕಾರ್ಯಕರ್ತೆ ಎಂದು ತೂಗುಹಾಕಿರುವ ನನ್ನ ಫೋಟೋ. ಗಾಯದ ಕೋಣೆಯ ಈ ಮಿಗ್ದಾಲಿಯಾಳ ಕೈಯಲ್ಲಿ ಏನೂ ಕೆಡುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕೇಳಿ ಕೇಳಿ ನಾನೂ ಅದನ್ನು ನಂಬಿದ್ದೆ. ಪಟ್ಟಿಗೆ ಸೇರಿಸಿ ಎಂದು ಅಷ್ಟು ಜಗಳವಾಡಿದವಳು, ಮೊದಲ ವಾರವೇ ಹತ್ತು ಸೀಸೆ ಹಾಳು ಮಾಡಿದೆ ಎಂದು ಯಾವ ಬಾಯಿಂದ ಹೇಳಲಿ?

ಹೀಗೆ ಐದು ವಾರ, ವಾರಕ್ಕೆ ಎರಡು ಸಲ, ಸತ್ತ ನೀರಿನಲ್ಲಿ ಅದ್ದಿದ ಹಾಳೆಯನ್ನು ನಿನ್ನ ಗಾಯದೊಳಗೆ ಇಟ್ಟೆ. ಬೀಜವೇ ಇಲ್ಲದ ಸಸಿಮಡಿಗೆ ನೀರು ಹಾಕಿದಂತೆ. ಗಾಯದ ತಳ ಕೆಂಪಾಗಬೇಕಿತ್ತು, ಸಣ್ಣ ಸಣ್ಣ ಕಾಳುಗಳಂತೆ ಹೊಸ ಮಾಂಸ ಏಳಬೇಕಿತ್ತು. ಅದು ಬೂದಿಬಣ್ಣಕ್ಕೆ ತಿರುಗಿತು. ಹಾಳೆ ಹಳದಿ ಲೋಳೆಯಾಗಿ ಕಳಚಿ ಬರುತ್ತಿತ್ತು. ವಾಸನೆ ಶುರುವಾದಾಗ ನೀನು ಮೂಗಿಗೆ ಕರವಸ್ತ್ರ ಹಿಡಿದು, "ಹಂದಿಗಳು ನನ್ನ ಹತ್ರ ಬರೋಕೆ ಹೇಸ್ತಾವೆ ಕಡ್ಡಿ" ಎಂದು ನನ್ನನ್ನು ನಗಿಸಲು ನೋಡಿದೆ. ನಾನು ನಕ್ಕೆ. ಮನೆಗೆ ಬಂದು ಕೈ ತೊಳೆದೆ, ಎಷ್ಟು ತೊಳೆದರೂ ಸಾಲದೆ ಮತ್ತೆ ತೊಳೆದೆ.

ಆಗ ಅತ್ತಿಗೆ ಹಾಸಿಗೆಯ ಕೆಳಗೆ ಸಿಕ್ಕಿದ ಸೀಬೆ ಮಿಠಾಯಿಯ ಕಾಗದ ಹಿಡಿದುಕೊಂಡು ನನ್ನ ಬಳಿ ಅಳುತ್ತ ಬಂದರು. ಅತ್ತಿಗೆ, ಆವತ್ತು ನನಗೆ ಸಿಟ್ಟು ನೆತ್ತಿಗೇರಿತು ಎಂದು ನೀವು ತಿಳಿದಿರಿ. ನನಗೆ ಬಂದದ್ದು ಸಿಟ್ಟಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆ ಅಂಟು ಕಾಗದ ನೋಡಿ ನನಗೆ ಉಸಿರು ಬಂತು. ಸೀದಾ ನಿಮ್ಮ ಜಗಲಿಗೆ ಬಂದು, ಎದುರುಮನೆಯವರೂ ಪಕ್ಕದವರೂ ಹೊರಗೆ ಬಂದು ನಿಲ್ಲುವ ಹಾಗೆ ಕಿರುಚಿದೆ. ಅಣ್ಣ, ನಾನು ಹೇಳಿದ್ದು ಇಷ್ಟು: "ಐದು ವಾರದಿಂದ ನಿನ್ನ ಕಾಲು ಹಿಡ್ಕೊಂಡು ಕೂತಿದೀನಿ, ನೀನು ಕದ್ದು ಸಕ್ಕರೆ ನೆಕ್ತಾ ಕೂತಿದೀಯ. ಆ ಔಷಧಿ ಬೇರೆ ಯಾರಿಗಾದ್ರೂ ಕೊಟ್ಟಿದ್ರೆ ಕಾಲು ಉಳೀತಿತ್ತು. ಇನ್ನು ಹೋದ್ರೆ ನನ್ನ ಕೇಳಬೇಡ." ನೀನು ತಲೆ ಎತ್ತಲಿಲ್ಲ. "ತಪ್ಪಾಯ್ತು ಕಡ್ಡಿ" ಅಂದೆ. ಎರಡು ಬೆರಳಗಲದ ಒಂದು ತುಂಡು, ಅಮ್ಮ ಸತ್ತ ದಿನದ ನೆನಪಿಗೆ, ಅವಳಿಗೆ ಇಷ್ಟವಿತ್ತೆಂದು ತಿಂದೆ ಎಂಬುದನ್ನು ನೀನು ಯಾರಿಗೂ ಹೇಳಲಿಲ್ಲ. ಅದೂ ನನಗೆ ಆಮೇಲೆ ತಿಳಿಯಿತು. ಅತ್ತಿಗೆ ಒಂದು ತಿಂಗಳು ನಿನ್ನ ಜೊತೆ ಮಾತು ಬಿಟ್ಟರು.

ಆ ಸಂಜೆಯೇ ವರದಿಯಲ್ಲಿ ಬರೆದೆ. ರೋಗಿ ಪಥ್ಯ ಪಾಲಿಸಲಿಲ್ಲ.

ಜೂನ್ ಇಪ್ಪತ್ತೊಂದರಂದು ಪ್ರಾಂತ್ಯದ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ನಿನ್ನನ್ನು ಒಳಗೆ ತಳ್ಳಿಕೊಂಡು ಹೋಗುವಾಗ ನೀನು ಗಾಡಿಯವನಿಗೆ, "ಎಡಗಾಲಿಂದು ಒಂದು ಒಳ್ಳೆ ಬೂಟಿದೆ, ಬಲಗಾಲು ಇಲ್ಲದೋರು ಯಾರಾದ್ರೂ ಸಿಕ್ರೆ ಹೇಳಪ್ಪ" ಅಂದೆ. ಅವನು ನಕ್ಕ. ನಾನು ಹಜಾರದ ಬೆಂಚಿನ ಮೇಲೆ ಕೂತೆ. ಆಗಲೂ ಹೇಳಬಹುದಿತ್ತು. ಕಾಲು ಹೋಗುವುದನ್ನು ತಡೆಯಲು ಆಗುತ್ತಿರಲಿಲ್ಲ, ಆದರೆ ನಿನ್ನ ತಲೆಯ ಮೇಲಿನ ಹೊರೆಯನ್ನಾದರೂ ಇಳಿಸಬಹುದಿತ್ತು.

ಜುಲೈಯಲ್ಲಿ ಮೊದಲ ಸಲ ಊರುಗೋಲು ಹಿಡಿದು ನನ್ನ ಮನೆಯ ತನಕ ಬಂದೆ. ಕುತ್ತಿಗೆಗೆ ಹಗ್ಗ ಸುತ್ತಿಕೊಂಡಿದ್ದೆ, ಎರಡೂ ಕುಣಿಕೆ ಇದ್ದ ಹಾಗೇ. ಅದನ್ನು ನನ್ನ ಮೇಜಿನ ಮೇಲಿಟ್ಟು, "ಬಟ್ಟೆ ಒಣಗಿಸೋಕೆ ಇಟ್ಕೊ. ನಿನ್ನ ಔಷಧಿ ಹಾಳು ಮಾಡಿದ್ದಕ್ಕೆ ಕೊಡೋಕೆ ನನ್ನ ಹತ್ರ ಬೇರೆ ಏನೂ ಇಲ್ಲ" ಅಂದೆ. ನಾನು ತೆಗೆದುಕೊಂಡೆ, ಅಣ್ಣ. ಬೇಡ ಅನ್ನಲಿಲ್ಲ. ಹಿತ್ತಲಲ್ಲಿ ಮಾವಿನ ಮರದಿಂದ ಗೋಡೆಗೆ ಕಟ್ಟಿದೆ. ನಾಲ್ಕು ತಿಂಗಳಿಂದ ನನ್ನ ಬಿಳಿ ಸಮವಸ್ತ್ರ ಒಣಗುತ್ತಿರುವುದು ಅದರ ಮೇಲೆ.

ಸೆಪ್ಟೆಂಬರಿನಲ್ಲಿ ರಾಜಧಾನಿಯಲ್ಲಿ ಸಭೆ ಇತ್ತು. ಲಾ ಸೈಬಾ ಕ್ಲಿನಿಕ್ಕಿನ ನರ್ಸ್ ಇದಾಲ್ಮಿಸ್ ತನ್ನ ರೋಗಿಯ ಫೋಟೋಗಳನ್ನು ತೋರಿಸಿದಳು. ಶಾಲೆಯ ಅಡುಗೆಯವಳೊಬ್ಬಳ ಪಾದ. ನಿನ್ನ ಗಾಯಕ್ಕಿಂತ ದೊಡ್ಡದು, ನಿನ್ನವು ಬಂದ ಪೆಟ್ಟಿಗೆಯಿಂದಲೇ ಬಂದ ಸೀಸೆಗಳು. ಮೂರನೆಯ ವಾರಕ್ಕೆ ಗಾಯದ ತಳವೆಲ್ಲ ದಾಳಿಂಬೆ ಕಾಳಿನ ಹಾಗೆ ಕೆಂಪು. ಹತ್ತನೆಯ ವಾರಕ್ಕೆ ಚರ್ಮ. ಕೊನೆಯ ಫೋಟೋದಲ್ಲಿ ಅವಳು ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಆಮೇಲೆ ನಿನ್ನ ವಿಷಯ ಬಂತು. ಪಥ್ಯ ಮುರಿದ ರೋಗಿ ಎಂದು ಓದಿದರು. ಇಂಥವರಿಗೆ ಕೊಡುವುದೇ ದಂಡ ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಸುತ್ತಲಿದ್ದವರು ತಲೆಯಾಡಿಸಿದರು. ನಾನೂ ಆಡಿಸಿದೆ. ಆ ಸಭೆಯಲ್ಲಿ ನಿನ್ನ ಕಡೆಯವಳೆಂದರೆ ನಾನೊಬ್ಬಳೇ ಇದ್ದೆ.

ನಿನ್ನ ಬಲಗಾಲಿಗೆ ಹುಣ್ಣಾಗದೆ ಹೋಗಿದ್ದರೆ ಇದನ್ನು ಹೇಳುತ್ತಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ. ಬಹುಶಃ ಹೇಳುತ್ತಿರಲಿಲ್ಲ. ನಿನ್ನ ತಂಗಿ ಅಷ್ಟೇ ದೊಡ್ಡ ಮನುಷ್ಯಳು.

ನಿನ್ನೆ ಬೆಳಗ್ಗೆ ಯಾನೆಲಿಸ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಕೊನೆಯ ತನಕ ಕೇಳಿಸಿಕೊಂಡು ಅವಳು ಮೆಲ್ಲಗೆ, "ಆವತ್ತೇ ಫೋನ್ ಮಾಡಿದ್ರೆ ನಾನೇ ತಂದ್ಕೊಡ್ತಿದ್ದೆ ಮಿಗ್ದಾಲಿಯಾ. ಇಂಥದ್ದಕ್ಕೇ ಅಂತ ಒಂದು ಪೆಟ್ಟಿಗೆ ಜಾಸ್ತಿ ಇಟ್ಟಿದ್ವಿ. ನಾಲ್ಕು ದಿನದ ಕೆಲಸ ಅಷ್ಟೇ" ಅಂದಳು.

ನಾಲ್ಕು ದಿನ. ತಿಂಗಳುಗಟ್ಟಲೆ ಎಂದು ನಾನೇ ಕಟ್ಟಿಕೊಂಡಿದ್ದೆ, ಯಾರನ್ನೂ ಕೇಳಿರಲಿಲ್ಲ.

ಔಷಧಿ ಸರಿಯಾಗಿದ್ದಿದ್ದರೆ ಕಾಲು ಖಂಡಿತ ಉಳಿಯುತ್ತಿತ್ತು ಎಂದು ನಾನು ಆಣೆ ಮಾಡಿ ಹೇಳಲಾರೆ. ಎಂಟು ಜನರಲ್ಲಿ ಆರು ಜನರದ್ದು ಉಳಿಯಿತು. ನೀನು ಆ ಆರರಲ್ಲಿ ಇರುತ್ತಿದ್ದೆಯೋ ಇಲ್ಲವೋ ತಿಳಿಯುವ ಅವಕಾಶವನ್ನೇ ನಾನು ಕಿತ್ತುಕೊಂಡೆ. ಆದರೆ ಇದನ್ನು ಆಣೆ ಮಾಡಿ ಹೇಳುತ್ತೇನೆ: ಎರಡು ಬೆರಳಗಲದ ಸೀಬೆ ಮಿಠಾಯಿ ಯಾರ ಕಾಲನ್ನೂ ತೆಗೆಯುವುದಿಲ್ಲ. ಲಾ ಸೈಬಾದ ಆ ಅಡುಗೆಯವಳು ದಿನಾ ಸಕ್ಕರೆ ಹಾಕಿ ಕಾಫಿ ಕುಡಿಯುತ್ತಿದ್ದಳಂತೆ, ಇದಾಲ್ಮಿಸ್ ಬೈದು ಬೈದು ಸುಸ್ತಾಗಿದ್ದಳು. ಗೋಡೆಯ ಮೇಲಿನ ಮುದುಕ ನಿನ್ನಿಂದ ಏನನ್ನೂ ತೆಗೆದುಕೊಂಡಿಲ್ಲ. ತೆಗೆದುಕೊಂಡವಳು ನಾನು.

ಈಗ ನೀನು ಏನು ಹೇಳುತ್ತೀ ಎಂದೂ ನನಗೆ ಗೊತ್ತು. ಐವತ್ತು ವರ್ಷದಿಂದ ನಿನ್ನನ್ನು ನೋಡುತ್ತಿದ್ದೇನೆ. ಹಾಗಾದರೆ ಆ ಮಂಜುಗಡ್ಡೆ ತಂದವನು ನಾನೇ ಅಲ್ಲವಾ, ಕಾಲು ಊರಬೇಡ ಅಂದರೂ ಕೇಳದೆ ತಂದೆನಲ್ಲ, ಅಂತೀಯ. ನೀನು ಹಾಗೆ ಅಂದುಬಿಟ್ಟರೆ ಈ ಕಾಗದವನ್ನೆಲ್ಲ ಬರೆದದ್ದು ದಂಡ. ನೀನು ತಂದದ್ದು ನೀರು, ಅಣ್ಣ. ಕಾಯಿಲೆಯ ಮನುಷ್ಯ ಬಿಸಿಲಲ್ಲಿ ಹೊತ್ತು ತಂದ ನೀರು. ಅದನ್ನು ಎಲ್ಲಿಡಬೇಕು, ಹೇಗಿಡಬೇಕು ಎಂದು ಕಲಿತವಳು ನಾನು, ಇಟ್ಟವಳು ನಾನು, ನೋಡಿಯೂ ಬಾಯಿ ಮುಚ್ಚಿಕೊಂಡವಳು ನಾನು. ಇದರಲ್ಲಿ ನಿನಗೆ ಪಾಲಿಲ್ಲ.

ಸೋಮವಾರ ವಿಚಾರಣೆಗೆ ಇಬ್ಬರು ಬರುತ್ತಾರೆ. ಗಾಯದ ಕೋಣೆ ನನ್ನ ಕೈ ತಪ್ಪುತ್ತದೆ, ಸಮವಸ್ತ್ರವೂ ಹೋಗಬಹುದು. ಗೋಡೆಯ ಮೇಲಿನ ಫೋಟೋವನ್ನು ನಿನ್ನೆಯೇ ಇಳಿಸಿದೆ. ಕ್ಷಮಿಸು ಎಂದು ನಾನು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ನಿನ್ನ ಸ್ವಭಾವವೇ ಹಾಗೆ, ಅದನ್ನು ಹೊತ್ತುಕೊಂಡು ಓಡಾಡುವ ಶಕ್ತಿ ನನಗಿಲ್ಲ. ಅತ್ತಿಗೆ, ನೀವಂತೂ ಕ್ಷಮಿಸಬೇಡಿ. ಅವನ ಜೊತೆ ಮಾತು ಬಿಟ್ಟ ಆ ತಿಂಗಳನ್ನು ನನ್ನ ಮೇಲೆ ಹಾಕಿ.

ಗುರುವಾರ ಒಂಬತ್ತು ಗಂಟೆಗೆ ಇದಾಲ್ಮಿಸ್ ಕುದುರೆಗಾಡಿಯಲ್ಲಿ ಬರುತ್ತಾಳೆ. ಔಷಧಿ ಅವಳ ಬಳಿಯೇ ಇರುತ್ತದೆ, ಅವಳೇ ಹಾಕುತ್ತಾಳೆ. ನಾನು ನಿನ್ನ ಕಾಲನ್ನೂ ಮುಟ್ಟುವುದಿಲ್ಲ, ಸೀಸೆಯನ್ನೂ ಮುಟ್ಟುವುದಿಲ್ಲ. ಅವಳದು ಮಾತು ಕಡಿಮೆ, ನಿನ್ನ ಜೋಕಿಗೆ ನಗುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡ. ಮಂಜುಗಡ್ಡೆ ಬೇಕಾ ಎಂದು ಕೇಳಬೇಡ. ಅವಳು ಮೊದಲು ಸೀಸೆಯನ್ನು ಬೆಳಕಿಗೆ ಹಿಡಿದು ನಿಮಗೆ ತೋರಿಸುತ್ತಾಳೆ, ತೋರಿಸಲೇಬೇಕೆಂದು ಹೇಳಿದ್ದೇನೆ. ಅತ್ತಿಗೆ, ಅದನ್ನು ಓರೆ ಮಾಡಿಸಿ ನೋಡಿ. ಒಳಗಿನದು ಓರೆಯಾದರೆ ಮಾತ್ರ ಹಾಕಲು ಬಿಡಿ.

ನಿನ್ನ ಹಗ್ಗವನ್ನು ಮಾವಿನ ಮರದಿಂದ ಬಿಚ್ಚಿದ್ದೇನೆ. ಬಿಸಿಲಿಗೆ ಒಂದೆರಡು ಕಡೆ ಬಿಳಿಚಿದೆ, ನೂಲು ಗಟ್ಟಿಯಾಗಿದೆ. ಈ ಕಾಗದದ ಜೊತೆ ಅದನ್ನೂ ನಿನ್ನ ಗೇಟಿಗೆ ಕಟ್ಟಿ ಹೋಗುತ್ತೇನೆ. ನೀನಿನ್ನು ಮರ ಹತ್ತುವುದಿಲ್ಲ, ಅದು ನಿನಗೂ ಗೊತ್ತು, ನನಗೂ ಗೊತ್ತು. ಆದರೂ ಅದು ನನ್ನ ಹಿತ್ತಲಲ್ಲಿ ಇರಬಾರದು. ನೀನು ಯಾವ ತಪ್ಪಿಗೆ ಅದನ್ನು ಕೊಟ್ಟೆಯೋ ಆ ತಪ್ಪು ನಿನ್ನದಲ್ಲ. ಗುರುವಾರ ಬಾಗಿಲು ತೆಗೆ ಅಣ್ಣ. ಮನಸ್ಸು ಬಂದರೆ ಮಾತ್ರವಲ್ಲ, ಬರದಿದ್ದರೂ ತೆಗೆ.

ಉಳಿದಿರುವ ಕಾಲು ನಿನ್ನ ಭಾರ ಹೊರಲಿ. ಅತ್ತಿಗೆಯ ದನಿ ನಿನ್ನ ಜಗಲಿಯಲ್ಲಿ ಇರಲಿ.

ಮರದ ಬುಡದಲ್ಲಿ ಕತ್ತೆತ್ತಿ ನಿಂತಿದ್ದ ನಿನ್ನ
ಕಡ್ಡಿ